ನೆರೆಮನೆಯ ಮೇಷ್ಟ್ರು

ಶಾಲೆಯ ಮೆಟ್ಟಿಲು ಹತ್ತದವರಿಗೆ, ಹತ್ತಿದರೂ ಒಂದೆರಡು ತರಗತಿಗೇ ಪಾಟಿ ಕೆಳಗಿಟ್ಟವರಿಗೆ ದೊಡ್ಡವರಾದ ಮೇಲೆ ಓದು, ಬರಹ, ಲೆಕ್ಕ ಕಲಿಸುವುದು ವಯಸ್ಕರ ಸಾಕ್ಷರತೆಯ ಕೆಲಸ. ಭಾರತದಲ್ಲಿ ಇದನ್ನು ಸಂಬಳದ ಶಿಕ್ಷಕರಿಗಿಂತ ಹೆಚ್ಚಾಗಿ ಊರಿನ ಸ್ವಯಂಸೇವಕರೇ ಹೊತ್ತಿದ್ದಾರೆ. ಪಿಯುಸಿ ಮುಗಿಸಿ ಮನೆಯಲ್ಲಿರುವ ಹುಡುಗಿ, ಹೈಸ್ಕೂಲು ಓದಿದ ಸೊಸೆ, ನಿವೃತ್ತ ಮೇಷ್ಟ್ರು, ಅಂಗಡಿ ಇಟ್ಟುಕೊಂಡ ಯುವಕ, ಹೀಗೆ ಯಾರಾದರೂ ಆಗಬಹುದು. ಕಲಿಯುವವರು ಅದೇ ಬೀದಿಯ ಹತ್ತು ಜನ.

ಜನಗಣತಿಯ ಪ್ರಕಾರ ಏಳು ವರ್ಷ ಮೇಲ್ಪಟ್ಟ, ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲ ವ್ಯಕ್ತಿ ಸಾಕ್ಷರ. ಈ ಲೆಕ್ಕದಲ್ಲಿ ಕರ್ನಾಟಕದ ಸಾಕ್ಷರತೆ 1991ರಲ್ಲಿ ಶೇ 56 ಇದ್ದದ್ದು 2011ಕ್ಕೆ ಶೇ 75.36ಕ್ಕೆ ಏರಿತು. ಸರಾಸರಿಯ ಒಳಗೆ ಕಣ್ಣಾಡಿಸಿದರೆ ಚಿತ್ರ ಬೇರೆ. 2011ರಲ್ಲಿ ಗಂಡಸರಲ್ಲಿ ಶೇ 82.47 ಮಂದಿ ಸಾಕ್ಷರರಾಗಿದ್ದರೆ ಹೆಂಗಸರಲ್ಲಿ ಶೇ 68.08. ದಕ್ಷಿಣ ಕನ್ನಡ ಜಿಲ್ಲೆ ಶೇ 88ನ್ನು ದಾಟಿದ್ದಾಗ ಯಾದಗಿರಿ ಶೇ 52ರ ಆಸುಪಾಸಿನಲ್ಲಿತ್ತು. ಮಕ್ಕಳೆಲ್ಲ ಶಾಲೆಗೆ ಹೋಗುತ್ತಿರುವ ಕಾಲದಲ್ಲಿ ಉಳಿದಿರುವ ನಿರಕ್ಷರತೆ ಬಹುಪಾಲು ನಲವತ್ತು ದಾಟಿದವರದ್ದು, ಅದರಲ್ಲೂ ಹಳ್ಳಿಯ ಹೆಂಗಸರದ್ದು. ಅವರನ್ನು ತಲುಪಲು ಶಾಲೆಯ ಗಂಟೆ, ಶಾಲೆಯ ಬೆಂಚು ಕೆಲಸಕ್ಕೆ ಬರುವುದಿಲ್ಲ.

ಈ ಪ್ರಯತ್ನ ಹೊಸದಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಸಂಸ್ಥಾನದಲ್ಲಿ ರಾತ್ರಿ ಶಾಲೆಗಳಿಗೂ ಸಂಚಾರಿ ಗ್ರಂಥಾಲಯಗಳಿಗೂ ಉತ್ತೇಜನ ಸಿಕ್ಕಿತ್ತು. 1940ರ ದಶಕದಲ್ಲಿ ಅಲ್ಲೇ ಹುಟ್ಟಿ ಮುಂದೆ ವಯಸ್ಕರ ಶಿಕ್ಷಣ ಸಮಿತಿ ಎಂದು ಹೆಸರಾದ ಸಂಸ್ಥೆ ತರಗತಿ ನಡೆಸಿದ್ದಲ್ಲದೆ, ಹೊಸದಾಗಿ ಓದಲು ಕಲಿತವರಿಗೆಂದೇ ಸಣ್ಣ ಸಣ್ಣ ಪುಸ್ತಕಗಳನ್ನೂ ಅಚ್ಚು ಹಾಕಿಸಿತು. ಈ ಎರಡನೆಯ ಕೆಲಸದ ಬೆಲೆ ಆಗ ಎಷ್ಟು ಜನಕ್ಕೆ ತಿಳಿಯಿತೋ, ಆಮೇಲೆ ಬಂದವರು ಅದನ್ನು ಮರೆತು ಪೆಟ್ಟು ತಿಂದದ್ದಂತೂ ನಿಜ. 1978ರ ಅಕ್ಟೋಬರ್ 2ರಂದು ದೇಶದಾದ್ಯಂತ ಶುರುವಾದ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮದಲ್ಲಿ ಮೂವತ್ತು ಜನರಿಗೊಂದು ಕೇಂದ್ರ, ತಿಂಗಳಿಗೆ 50 ರೂಪಾಯಿ ಗೌರವಧನದ ಬೋಧಕ ಎಂಬ ಏರ್ಪಾಡಿತ್ತು. ಮೂವತ್ತು ಜನ ದಿನವೂ ಒಂದೇ ಕಡೆ ಸೇರುವುದು ಹಳ್ಳಿಯಲ್ಲಿ ಕಷ್ಟ. ಐವತ್ತು ರೂಪಾಯಿ ಸಂಬಳವೂ ಅಲ್ಲ, ಸೇವೆಯೂ ಅಲ್ಲ. ಬಹಳಷ್ಟು ಕೇಂದ್ರಗಳು ಹಾಜರಿ ಪುಸ್ತಕದಲ್ಲಷ್ಟೇ ಉಳಿದವು.

ದಿಕ್ಕು ಬದಲಾದದ್ದು ಕೇರಳದಲ್ಲಿ. 1988ರ ಮೇ ತಿಂಗಳಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾಗಿತ್ತು. ಮರುವರ್ಷ ಎರ್ನಾಕುಲಂ ಜಿಲ್ಲಾಡಳಿತ ಮತ್ತು ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಸೇರಿ ಇಡೀ ಜಿಲ್ಲೆಯನ್ನು ಒಂದೇ ಸಲಕ್ಕೆ ಕೈಗೆತ್ತಿಕೊಂಡವು. ಸುಮಾರು 20 ಸಾವಿರ ಸ್ವಯಂಸೇವಕರು ಒಂದು ಪೈಸೆಯನ್ನೂ ಪಡೆಯದೆ ಕಲಿಸಿದರು. 1990ರ ಫೆಬ್ರುವರಿ 4ರಂದು ಎರ್ನಾಕುಲಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆ ಎಂದು ಘೋಷಣೆಯಾಯಿತು. ಗೌರವಧನ ತೆಗೆದುಹಾಕಿದ್ದರಿಂದ ಕೆಲಸ ಕೆಡಲಿಲ್ಲ, ಸುಧಾರಿಸಿತು. ದುಡ್ಡಿಗಾಗಿ ಬರುವವರು ದೂರ ಉಳಿದರು, ಬಂದವರಿಗೆ ಊರಿನಲ್ಲಿ ಮರ್ಯಾದೆ ಸಿಕ್ಕಿತು. ಆ ಮಾದರಿಯೇ ಸಂಪೂರ್ಣ ಸಾಕ್ಷರತಾ ಆಂದೋಲನವಾಗಿ ದೇಶಕ್ಕೆ ಹರಡಿತು. ಕರ್ನಾಟಕದಲ್ಲಿ ಮೊದಲು ಅದಕ್ಕೆ ಇಳಿದ ಜಿಲ್ಲೆಗಳಲ್ಲಿ ದಕ್ಷಿಣ ಕನ್ನಡ ಮತ್ತು ಆಗಿನ ಬಿಜಾಪುರ ಸೇರಿದ್ದವು.

ಆಂದೋಲನದ ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಮೊದಲು ಮನೆಮನೆ ಸಮೀಕ್ಷೆ. ಓದು ಬಾರದವರ ಪಟ್ಟಿ, ಕಲಿಸಲು ಒಪ್ಪಿದವರ ಪಟ್ಟಿ ಎರಡೂ ಒಟ್ಟಿಗೇ ತಯಾರಾಗುತ್ತವೆ. ಜತೆಗೇ ಕಲಾಜಾಥಾ ಊರೂರು ಸುತ್ತುತ್ತದೆ. 1990ರ ಭಾರತ ಜ್ಞಾನ ವಿಜ್ಞಾನ ಜಾಥಾದ ಹಾಡು, ಬೀದಿನಾಟಕಗಳನ್ನು ನೋಡಿಯೇ ಎಷ್ಟೋ ಜನ ಕಲಿಸಲೂ ಕಲಿಯಲೂ ಹೆಸರು ಕೊಟ್ಟರು. ಜಿಲ್ಲಾ ಮಟ್ಟದ ಸಂಪನ್ಮೂಲ ವ್ಯಕ್ತಿಗಳು ತಾಲ್ಲೂಕಿನವರಿಗೆ, ಅವರು ಊರಿನ ಸ್ವಯಂಸೇವಕರಿಗೆ ತರಬೇತಿ ಕೊಡುತ್ತಾರೆ. ಮೇಲಿನ ಮೆಟ್ಟಿಲಿನಲ್ಲಿ ಹೇಳಿದ್ದು ಕೆಳಗಿನದಕ್ಕೆ ಇಳಿಯುವಷ್ಟರಲ್ಲಿ ಅರ್ಧ ಸೋರಿಹೋಗುವುದು ಈ ಪದ್ಧತಿಯ ಹಳೆಯ ರೋಗ. ಕಡೆಗೆ ತಾವು ಶಾಲೆಯಲ್ಲಿ ಕಲಿತ ಹಾಗೆಯೇ ಕಲಿಸಲು ಸ್ವಯಂಸೇವಕರು ಮುಂದಾಗುತ್ತಾರೆ. ಅದು ವಯಸ್ಕರಿಗೆ ಹೊಂದುವುದಿಲ್ಲ.

ಯಾಕೆ ಹೊಂದುವುದಿಲ್ಲ ಎಂಬುದು ಅಕ್ಷರಗಳ ಮಟ್ಟದಲ್ಲೇ ಕಾಣುತ್ತದೆ. ‘ಅ, ಆ, ಇ, ಈ’ ಎಂದು ಶುರುಮಾಡಿದರೆ ಕನ್ನಡದ ಅತಿ ಸುತ್ತುಬಳಸಿನ ಆಕಾರಗಳು ಮೊದಲ ವಾರವೇ ಎದುರಾಗುತ್ತವೆ, ಓದಲು ಒಂದು ಪದವೂ ಸಿಗುವುದಿಲ್ಲ. ಹಾಗಾಗಿ ಬರೆಯಲು ಸುಲಭವಾದ ರ, ಗ, ಸ, ದ ಅಕ್ಷರಗಳಿಂದ ಆರಂಭಿಸುವ ಕ್ರಮ ಬಂತು. ಈ ನಾಲ್ಕು ಕೈಗೆ ಬಂದ ಕೂಡಲೇ ಸರ, ದರ, ಗರಗಸ ಎಂದು ಓದಬಹುದು. ಅ ಸೇರಿದರೆ ಅರಸ, ಅಗಸ. ಮೊದಲ ವಾರದಲ್ಲೇ ಪೂರ್ತಿ ಪದ ಓದಿದ ಹೆಂಗಸು ಎರಡನೆಯ ವಾರ ತಪ್ಪದೆ ಬರುತ್ತಾಳೆ. ವರ್ಣಮಾಲೆಯನ್ನು ಬಾಯಿಪಾಠ ಮಾಡಿಸಿದ ಕಡೆ ಆ ಭರವಸೆ ಇಲ್ಲ.

ಆದರೆ ಕಲಿಯುವವರ ಆಸೆ ಪಾಠದ ಕ್ರಮಕ್ಕೆ ಕಾಯುವುದಿಲ್ಲ. ಹೆಚ್ಚಿನವರಿಗೆ ಮೊದಲು ಬೇಕಾದದ್ದು ತಮ್ಮ ಹೆಸರು. ಸರಸಮ್ಮನಿಗೆ ಅದೃಷ್ಟವಿದೆ, ಲಕ್ಷ್ಮಮ್ಮನ ಕಷ್ಟ ಬೇರೆ. ಲ ಆದ ಮೇಲೆ ಕ, ಷ, ಮ ಮೂರೂ ಒಂದರ ಕೆಳಗೊಂದು ಕೂತ ‘ಕ್ಷ್ಮ’, ಅದರ ಬೆನ್ನಿಗೇ ‘ಮ್ಮ’. ಕನ್ನಡ ಬರಹದ ಕಟ್ಟಕಡೆಯ ಪಾಠ ಆಕೆಗೆ ಮೊದಲ ದಿನವೇ ಬೇಕು. ಅನುಭವವಿರುವ ಬೋಧಕರು ಇಲ್ಲ ಎನ್ನುವುದಿಲ್ಲ. ಹೆಸರನ್ನು ದೊಡ್ಡದಾಗಿ ಬರೆದುಕೊಟ್ಟು ಅದರ ಮೇಲೆಯೇ ತಿದ್ದಿಸುತ್ತಾರೆ. ಚಿತ್ರ ಬರೆದಂತೆ ಅದು ಕೈಗೆ ಹತ್ತುತ್ತದೆ. ಸಹಿ ಬಂತು, ಹೆಬ್ಬೆಟ್ಟು ತಪ್ಪಿತು. ಅಕ್ಷರ ಬಂತೆಂದು ಮಾತ್ರ ಹೇಳುವಂತಿಲ್ಲ. ತನ್ನ ಹೆಸರಿನ ಲ ಅಕ್ಷರವನ್ನೇ ‘ಹಾಲು’ ಎಂಬಲ್ಲಿ ಗುರುತಿಸಲಾಗದವರು ಬೇಕಾದಷ್ಟು ಜನ. ಎಷ್ಟೋ ತರಗತಿಗಳು ಈ ಸಹಿಯ ಹಂತದಲ್ಲೇ ನಿಂತುಹೋಗಿವೆ, ಎಷ್ಟೋ ವರದಿಗಳಲ್ಲಿ ಸಹಿಯೇ ಸಾಕ್ಷರತೆಯಾಗಿದೆ.

ಕಾಗುಣಿತ ದಾಟಿದ ಮೇಲೆ ಒತ್ತಕ್ಷರದ ಏರು. ಅಕ್ಕ, ಅಜ್ಜ ಸುಲಭ. ಒತ್ತು ಮೂಲ ಅಕ್ಷರದ ಪುಟ್ಟ ರೂಪ. ಅಮ್ಮ, ರಸ್ತೆ, ಎಲ್ಲ ಎಂದು ಹೋದಂತೆ ಮ, ತ, ಲ ಒತ್ತುಗಳಲ್ಲಿ ಮೂಲದ ಗುರುತೇ ಉಳಿದಿರುವುದಿಲ್ಲ. ಅರ್ಕಾವತ್ತು ಇನ್ನೂ ತುಂಟ: ಉಚ್ಚಾರದಲ್ಲಿ ಮೊದಲು, ಬರಹದಲ್ಲಿ ಆಮೇಲೆ. ಬಸ್ಸಿನ ಬೋರ್ಡಿನ ಮೇಲೆ ‘ಚಿತ್ರದುರ್ಗ’ ಓದಿದವರು ಈ ಎರಡು ತೊಡಕನ್ನೂ ಗೆದ್ದ ಹಾಗೆ. ಒಳ್ಳೆಯ ಬೋಧಕರು ಪುಸ್ತಕ ಬದಿಗಿಟ್ಟು ಬಸ್ ಬೋರ್ಡು, ರೇಷನ್ ಕಾರ್ಡು, ಮಾತ್ರೆಯ ಚೀಟಿ, ಸಂಘದ ಪಾಸ್‌ಬುಕ್ಕು ಇವನ್ನೇ ಪಾಠವಾಗಿಸುತ್ತಾರೆ. ಕರ್ನಾಟಕದ ಕೇಂದ್ರಗಳಲ್ಲಿ ಬಳಸುವ ‘ಬಾಳಿಗೆ ಬೆಳಕು’ ಪುಸ್ತಕದ ಹೆಸರೇನೋ ಚೆನ್ನಾಗಿದೆ. ಆ ಬಾಳು ಪುಸ್ತಕದ ಹೊರಗೆ ಎಲ್ಲೆಲ್ಲಿ ಅಕ್ಷರಕ್ಕೆ ತಾಗುತ್ತದೆ ಎಂದು ತೋರಿಸುವುದು ಬೋಧಕರ ಪಾಲಿನ ಕೆಲಸ.

ಲೆಕ್ಕದಲ್ಲಿ ಪರಿಸ್ಥಿತಿ ತಿರುಗುಮುರುಗು. ಸಂತೆಯಲ್ಲಿ ಸೊಪ್ಪು ಮಾರುವಾಕೆ ಮೂರು ಕಟ್ಟಿಗೆ ನಲವತ್ತೈದು, ಐನೂರಕ್ಕೆ ಚಿಲ್ಲರೆ ಎಷ್ಟು ಎಂಬುದನ್ನು ಬೋಧಕಿಗಿಂತ ಬೇಗ ಹೇಳುತ್ತಾಳೆ. ಆಕೆಗೆ ಕೂಡಿಸುವುದನ್ನು ಕಲಿಸಬೇಕಿಲ್ಲ, ಬಾಯಿಲೆಕ್ಕವನ್ನು ಕಾಗದಕ್ಕೆ ಇಳಿಸುವುದನ್ನು ಕಲಿಸಬೇಕು. ನೋಟು, ಮೊಬೈಲುಗಳಿಂದ ಅಂಕಿಗಳ ಪರಿಚಯ ಹೇಗೂ ಇರುತ್ತದೆ. ಇದನ್ನು ಅರಿಯದೆ ಕಡ್ಡಿ ಎಣಿಸುವ ಪಾಠ ಶುರುಮಾಡಿದರೆ ಅವಮಾನವೆನಿಸಿ ಜನ ಏಳುತ್ತಾರೆ.

ಕಣ್ಣಿನ ವಿಷಯವನ್ನು ಯೋಜನೆ ಮಾಡುವವರು ಬಹಳ ಸಲ ಮರೆಯುತ್ತಾರೆ. ‘ನನ್ನ ತಲೆಗೆ ಹತ್ತೋದಿಲ್ಲ ಬಿಡವ್ವ’ ಎನ್ನುವ ಐವತ್ತರ ಅಜ್ಜಿಗೆ ತಲೆಯ ತೊಂದರೆ ಇರುವುದಿಲ್ಲ, ಚಾಳೀಸಿನ ಕನ್ನಡಕ ಇರುವುದಿಲ್ಲ. ದೂರದ ತೆಂಗಿನ ಗೊನೆ ಕಾಣುತ್ತದೆ, ಕೈಯಲ್ಲಿರುವ ಪುಸ್ತಕ ಕಾಣುವುದಿಲ್ಲ. ಎರ್ನಾಕುಲಂನಲ್ಲಿ ಇದನ್ನು ಬೇಗ ಗಮನಿಸಿ, ಕಣ್ಣು ಪರೀಕ್ಷೆ ನಡೆಸಿ, ಜನರಿಂದ ಕನ್ನಡಕ ಸಂಗ್ರಹಿಸಿ ಹಂಚಿದ್ದರು. ಅದರ ಜತೆಗೆ ದಪ್ಪ ಅಕ್ಷರದ ಪುಸ್ತಕ, ಒಳ್ಳೆಯ ಬಲ್ಬು ಇದ್ದರೆ ಅರ್ಧ ಕಷ್ಟ ಕಳೆಯುತ್ತದೆ.

ಸಮಯ, ಜಾಗ ಎರಡನ್ನೂ ಕಲಿಯುವವರೇ ನಿರ್ಧರಿಸಬೇಕು. ಹಾಲು ಕರೆದು, ಅಡುಗೆ ಮುಗಿಸಿದ ಮೇಲೆ ರಾತ್ರಿ ಒಂದೂವರೆ ಗಂಟೆ ಸಿಕ್ಕರೆ ಹೆಚ್ಚು. ಜಗಲಿ, ಅಂಗನವಾಡಿ, ಗುಡಿಯ ಪ್ರಾಂಗಣ ಎಲ್ಲಾದರೂ ಸರಿ. ಆದರೆ ಗುಡಿಯ ಒಳಗೆ ಎಲ್ಲ ಜಾತಿಯವರಿಗೂ ಸಲೀಸಾದ ಪ್ರವೇಶವಿಲ್ಲದ ಊರುಗಳಲ್ಲಿ ಗುಡಿಯನ್ನು ಆರಿಸಿದವರು ಅರ್ಧ ಕೇರಿಯನ್ನು ಹೊರಗಿಟ್ಟ ಹಾಗೆ. ನಾಟಿ, ಕೊಯ್ಲಿನ ದಿನಗಳಲ್ಲಿ ತರಗತಿ ನಿಲ್ಲುತ್ತದೆ, ನಿಲ್ಲಲೇಬೇಕು. ಕಲಿಸುವ ಇಪ್ಪತ್ತರ ಹುಡುಗಿ ಅಕ್ಕ, ಅತ್ತೆ, ದೊಡ್ಡವ್ವ ಎಂದು ಕರೆಯುತ್ತಲೇ ತಿದ್ದಬೇಕು. ‘ತಪ್ಪು’ ಎಂದು ಕೆಂಪು ಗೀಟು ಎಳೆಯುವ ಮೇಷ್ಟರಿಗೆ ಇಲ್ಲಿ ಜಾಗವಿಲ್ಲ. ನೆರೆಮನೆಯವರಾಗಿರುವುದರಲ್ಲಿ ಅನುಕೂಲವೂ ಇದೆ, ತೊಡಕೂ ಇದೆ: ಸಂಕೋಚ ಕಡಿಮೆ, ಆದರೆ ಎರಡು ಮನೆಗಳ ನಡುವೆ ಹಿತ್ತಲಿನ ಜಗಳವಾದರೆ ಪಾಠವೂ ನಿಲ್ಲುತ್ತದೆ.

ಗಡಿ, ಕರಾವಳಿ, ತಾಂಡಾಗಳಲ್ಲಿ ಮತ್ತೊಂದು ಸುತ್ತು ಇದೆ. ದಕ್ಷಿಣ ಕನ್ನಡದಲ್ಲಿ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ವಿಜಯಪುರದ ತಾಂಡಾಗಳಲ್ಲಿ ಲಂಬಾಣಿ. ಇವರು ಅಕ್ಷರದ ಜತೆ ಗ್ರಂಥಸ್ಥ ಕನ್ನಡವನ್ನೂ ಕಲಿಯಬೇಕು. ತಾಂಡಾದ ಎಷ್ಟೋ ಕುಟುಂಬಗಳು ಹಬ್ಬ ಮುಗಿಯುತ್ತಲೇ ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಗುಳೆ ಹೋಗುವುದರಿಂದ ತಿಂಗಳುಗಟ್ಟಲೆ ಪಾಠ ತಪ್ಪುತ್ತದೆ.

ಕಲಿತದ್ದನ್ನು ಅಳೆಯಲು ಸಾಕ್ಷರತಾ ಮಿಷನ್ ಕಟ್ಟುನಿಟ್ಟಿನ ಗುರಿಯನ್ನೇ ಇಟ್ಟಿತ್ತು. ಮೂರು ಹಂತದ ಪುಸ್ತಕ, ಒಟ್ಟು ಸುಮಾರು 200 ಗಂಟೆಯ ಪಾಠ. ಕಡೆಗೆ ನಿಮಿಷಕ್ಕೆ 30 ಪದ ಗಟ್ಟಿಯಾಗಿ, 35 ಪದ ಮನಸ್ಸಿನಲ್ಲೇ ಓದಬೇಕು. ನಿಮಿಷಕ್ಕೆ 7 ಪದ ನೋಡಿ ಬರೆಯಬೇಕು, 5 ಪದ ಹೇಳಿ ಬರೆಸಿದ್ದನ್ನು ಬರೆಯಬೇಕು. ನೂರರ ತನಕ ಅಂಕಿ ಓದಿ ಬರೆದು, ಮೂರಂಕಿಯ ಕೂಡು, ಕಳೆ ಲೆಕ್ಕ ಮಾಡಬೇಕು. ಅಂಕೆಗಳು ಚಿಕ್ಕವೆನಿಸಬಹುದು. ಗುದ್ದಲಿ ಹಿಡಿದು ಬಿರುಸಾದ ಬೆರಳು ನಿಮಿಷಕ್ಕೆ ಏಳು ಪದ ಬರೆಯುವುದು ಸಣ್ಣ ಮಾತಲ್ಲ.

ಪರೀಕ್ಷೆಗೆ ಸಿಗದ ಫಲವೂ ಉಂಟು. ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ಹೆಂಡತಿಯರು ಒಟ್ಟಾಗಿ ಊರಿನ ಸಾರಾಯಿ ಅಂಗಡಿ ಮುಚ್ಚಿಸುವ ಕತೆ ಸಾಕ್ಷರತಾ ಪಾಠವಾಗಿತ್ತು. ಅದನ್ನು ಓದಿದ ದೂಬಗುಂಟ ಗ್ರಾಮದ ಹೆಂಗಸರು ತಮ್ಮೂರಿನಲ್ಲೂ ಅದನ್ನೇ ಮಾಡಿದರು. 1992ರ ಹೊತ್ತಿಗೆ ಹೋರಾಟ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿ, ಸಾರಾಯಿ ಹರಾಜುಗಳು ನಿಂತವು. 1993ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ತಮಿಳುನಾಡಿನ ಪುದುಕೋಟ್ಟೈನಲ್ಲಿ ಅಕ್ಷರದ ಜತೆಗೇ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಸೈಕಲ್ ಕಲಿತರು. ಹತ್ತು ಹೆಂಗಸರು ದಿನವೂ ಒಂದು ಕಡೆ ಕೂತು ಮಾತಾಡಲು ಮನೆಯವರು ಒಪ್ಪುವ ಕಾರಣ ಸಿಕ್ಕಿದ್ದೇ ಈ ಬದಲಾವಣೆಗಳ ಮೂಲ. ಪಠ್ಯದ ಪಾಲು ಅದರ ನಂತರದ್ದು.

ಸೋಲುಗಳೂ ಇದೇ ಆಂದೋಲನದೊಳಗೆ ಇವೆ. ಘೋಷಣೆಯ ದಿನಾಂಕಕ್ಕೆ ಓಡಿದ ಜಿಲ್ಲೆಗಳಲ್ಲಿ ಅಂಕಿಸಂಖ್ಯೆ ಉಬ್ಬಿತು. ತರಗತಿ ಮುಗಿದು ಮುಂದಿನ ಹಂತದ ಹಣ, ಪುಸ್ತಕ ಬರುವಷ್ಟರಲ್ಲಿ ತಿಂಗಳುಗಳು ಉರುಳಿ, ಕಲಿತವರು ಮರೆತರು. 1994ರಲ್ಲಿ ಅರುಣ್ ಘೋಷ್ ಅಧ್ಯಕ್ಷತೆಯ ತಜ್ಞರ ಸಮಿತಿ ಆಂದೋಲನವನ್ನು ಪರಿಶೀಲಿಸಿದಾಗ ಈ ನಡುವಿನ ಖಾಲಿ ಅವಧಿಯೂ ಚರ್ಚೆಗೆ ಬಂತು. ಸ್ವಯಂಸೇವಕರ ಕತೆಯೂ ಅಷ್ಟೇ. ಮದುವೆಯಾಗಿ ಬೇರೆ ಊರಿಗೆ ಹೋದರು, ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಬೇಸರವಾಯಿತು. ಆರು ತಿಂಗಳ ಉತ್ಸಾಹವನ್ನು ಯಾರಿಂದಲೂ ಪಡೆಯಬಹುದು, ಮೂರು ವರ್ಷದ ಉಚಿತ ದುಡಿಮೆಯನ್ನು ಕೇಳುವುದು ಅನ್ಯಾಯ. 2009ರ ಸೆಪ್ಟೆಂಬರ್ 8ರಂದು ಆರಂಭವಾದ ಸಾಕ್ಷರ ಭಾರತ ಕಾರ್ಯಕ್ರಮ ಇದಕ್ಕೆ ನಡುದಾರಿ ಹುಡುಕಿತು: ಕಲಿಸುವವರು ಸ್ವಯಂಸೇವಕರು, ಆದರೆ ತರಗತಿಗಳನ್ನು ನೋಡಿಕೊಳ್ಳುವ, ಪಂಚಾಯಿತಿಗೆ ಇಬ್ಬರಂತೆ ಪ್ರೇರಕರಿಗೆ ತಲಾ ತಿಂಗಳಿಗೆ 2,000 ರೂಪಾಯಿ. 2018ರ ಮಾರ್ಚ್‌ಗೆ ಆ ಕಾರ್ಯಕ್ರಮ ಮುಗಿದಾಗ ಪ್ರೇರಕರೂ ಮನೆಗೆ ಹೋದರು.

ಈಗ ನಡೆಯುತ್ತಿರುವುದು 2022ರಿಂದ 2027ರವರೆಗಿನ ನವಭಾರತ ಸಾಕ್ಷರತಾ ಕಾರ್ಯಕ್ರಮ, ಜನರ ಬಾಯಲ್ಲಿ ‘ಉಲ್ಲಾಸ್’. ಐದು ವರ್ಷಕ್ಕೆ ಐದು ಕೋಟಿ ಕಲಿಕಾರ್ಥಿಗಳು ಇದರ ಗುರಿ; 15 ವರ್ಷ ದಾಟಿದ ಯಾರಾದರೂ ಸೇರಬಹುದು, ಮೇಲ್ಮಿತಿ ಇಲ್ಲ. ಕಲಿಸುವವರು ಪೂರ್ತಿಯಾಗಿ ಸ್ವಯಂಸೇವಕರು. ಶಾಲೆಯನ್ನೇ ಘಟಕವಾಗಿಟ್ಟುಕೊಂಡಿರುವುದರಿಂದ ಶಿಕ್ಷಕರು, ಕಾಲೇಜು ವಿದ್ಯಾರ್ಥಿಗಳು, ಮನೆಯ ಮಕ್ಕಳೇ ಬೋಧಕರಾಗಬಹುದು. ನೋಂದಣಿಗೂ ಪಾಠಕ್ಕೂ ಮೊಬೈಲ್ ಆ್ಯಪ್ ಇದೆ. ಕೊನೆಗೆ ಓದು, ಬರಹ, ಲೆಕ್ಕಕ್ಕೆ ತಲಾ 50ರಂತೆ 150 ಅಂಕಗಳ ಪರೀಕ್ಷೆ, ಪಾಸಾದರೆ ಪ್ರಮಾಣಪತ್ರ. ಪರೀಕ್ಷೆಯ ಭಾನುವಾರ ಮೊಮ್ಮಕ್ಕಳ ಕೈ ಹಿಡಿದು ಶಾಲೆಗೆ ಬರುವ ಅಜ್ಜಿಯರ ಫೋಟೊ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಆ್ಯಪ್ ಬಂದ ಮಾತ್ರಕ್ಕೆ ರಾತ್ರಿ ಪಕ್ಕದಲ್ಲಿ ಕೂತು ಕೈ ಹಿಡಿದು ತಿದ್ದಿಸುವವರ ಕೊರತೆ ನೀಗುವುದಿಲ್ಲ.

ಕರ್ನಾಟಕದಲ್ಲಿ ಪಾಸಾದವರಿಗೆ ಓದಲು ಸಿಗುವ ಹತ್ತಿರದ ಜಾಗವೆಂದರೆ ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗಿನ ಅರಿವು ಕೇಂದ್ರ. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿರುತ್ತವೆ, ಮಕ್ಕಳ ಕತೆಗಳಿರುತ್ತವೆ. ನಿಮಿಷಕ್ಕೆ ಮೂವತ್ತು ಪದ ಓದುವ ದೊಡ್ಡವರಿಗೆಂದು ಬರೆದ, ದಪ್ಪ ಅಕ್ಷರದ, ಕೋಳಿ ಸಾಕಣೆಯಿಂದ ಜಮೀನಿನ ಪಹಣಿಯವರೆಗಿನ ಪುಸ್ತಕಗಳ ಕಪಾಟು ಅಪರೂಪ. ಸ್ತ್ರೀಶಕ್ತಿ ಸಂಘಗಳಿರುವ ಊರುಗಳಲ್ಲಿ ಸ್ಥಿತಿ ತುಸು ವಾಸಿ. ವಾರಕ್ಕೊಮ್ಮೆ ಉಳಿತಾಯದ ಲೆಕ್ಕ ಬರೆಯಬೇಕು, ನಡಾವಳಿ ಓದಬೇಕು, ಸಾಲದ ಅರ್ಜಿ ತುಂಬಬೇಕು. ಸರದಿಯ ಮೇಲೆ ಪುಸ್ತಕ ಬರೆಯುವ ನಿಯಮವಿಟ್ಟುಕೊಂಡ ಸಂಘಗಳಲ್ಲಿ ಹೊಸದಾಗಿ ಕಲಿತವರ ಕೈ ಬರಹವನ್ನು ಬಿಡುವುದಿಲ್ಲ. ಓದಿದ ಒಬ್ಬ ಕಾರ್ಯದರ್ಶಿಯೇ ಎಲ್ಲವನ್ನೂ ಬರೆಯುವ ಸಂಘಗಳಲ್ಲಿ ಉಳಿದವರು ವರ್ಷದೊಳಗೆ ಮತ್ತೆ ಸಹಿಯ ಮಟ್ಟಕ್ಕೆ ಇಳಿಯುತ್ತಾರೆ.