ಪರಕಾಯ ಪ್ರವೇಶದ ಗಣಿತ

ಕಾರ್ಟೂನ್ ಕಥೆಗಳು ಮಕ್ಕಳಿಗಾಗಿಯೇ ಹುಟ್ಟಿದವೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ವಯಸ್ಸಿಗೆ ಬಂದವರು ಟೆಲಿವಿಷನ್ ಮುಂದೆ ಕುಳಿತು ಆಕಾಶನೌಕೆ, ಯಂತ್ರಮಾನವ, ಅನ್ಯಗ್ರಹಜೀವಿಗಳ ಚಿತ್ರಕಥೆಗಳಲ್ಲಿ ಮೈಮರೆತರೆ ಮನೆಯ ಹಿರಿಯರು ಹುಬ್ಬೇರಿಸುವುದುಂಟು. ಆದರೆ ಇಂತಹ ಕಥೆಗಳಲ್ಲಿ ಪ್ರೌಢ ಬುದ್ಧಿಗೂ ತಕ್ಕ ಆಹಾರ ದೊರೆಯಬಲ್ಲುದು. ಅಮೆರಿಕದ ‘ಫ್ಯೂಚರಾಮ’ ಧಾರಾವಾಹಿ ಇದಕ್ಕೊಂದು ಒಳ್ಳೆಯ ನಿದರ್ಶನ.

1999ರಲ್ಲಿ ಆರಂಭವಾದ ಈ ಧಾರಾವಾಹಿಯ ಸೃಷ್ಟಿಕರ್ತರು ಮ್ಯಾಟ್ ಗ್ರೇನಿಂಗ್. ಹಿಮನಿದ್ರೆಗೆ ಒಳಗಾದ ತರುಣನೊಬ್ಬನು ಸಾವಿರ ವರ್ಷಗಳ ಅನಂತರ ಎಚ್ಚೆತ್ತು, ಮುಂದಿನ ಯುಗದ ವಿಚಿತ್ರಗಳನ್ನು ಕಾಣುವುದೇ ಇದರ ಕಥಾವಸ್ತು. 2010ರಲ್ಲಿ ಪ್ರಸಾರವಾದ ‘ದಿ ಪ್ರಿಸನರ್ ಆಫ್ ಬೆಂಡಾ’ ಎಂಬ ಕಂತಿನಲ್ಲಿ ವೃದ್ಧ ವಿಜ್ಞಾನಿಯೊಬ್ಬನು, ಇಬ್ಬರ ಮನಸ್ಸುಗಳನ್ನು ಅದಲುಬದಲು ಮಾಡುವ ಯಂತ್ರವನ್ನು ನಿರ್ಮಿಸುತ್ತಾನೆ. ಶಂಕರಾಚಾರ್ಯರು ಅಮರುಕ ರಾಜನ ದೇಹವನ್ನು ಹೊಕ್ಕ ಕಥೆಯನ್ನು ಕೇಳಿದ ನಮಗೆ ಪರಕಾಯ ಪ್ರವೇಶವು ಹೊಸದಲ್ಲ. ಆದರೆ ಈ ಯಂತ್ರಕ್ಕೆ ಒಂದು ಕಟ್ಟುಪಾಡುಂಟು: ಯಾವ ಎರಡು ದೇಹಗಳ ನಡುವೆ ಒಮ್ಮೆ ವಿನಿಮಯವಾಯಿತೋ, ಅದೇ ಎರಡರ ನಡುವೆ ಮತ್ತೊಮ್ಮೆ ಆಗಲಾರದು. ಕಥೆ ಸಾಗಿದಂತೆ ಅನೇಕರು ಯಂತ್ರದಲ್ಲಿ ಕುಳಿತು, ಯಾರ ಮನಸ್ಸು ಎಲ್ಲಿದೆಯೆಂದು ತಿಳಿಯದ ಗೋಜಲು ಉಂಟಾಗುತ್ತದೆ. ಎಲ್ಲರೂ ಸ್ವಂತ ದೇಹಕ್ಕೆ ಮರಳುವುದು ಸಾಧ್ಯವೇ?

ಈ ಕಂತಿನ ಲೇಖಕ ಕೆನ್ ಕೀಲರ್ ಅನ್ವಯಿಕ ಗಣಿತದಲ್ಲಿ ಡಾಕ್ಟರೇಟ್ ಪಡೆದವರು. ಮಂತ್ರದಿಂದಲೋ ದೈವಕೃಪೆಯಿಂದಲೋ ಗಂಟನ್ನು ಬಿಡಿಸದೆ, ಅದಕ್ಕೆಂದೇ ಒಂದು ಪ್ರಮೇಯವನ್ನು ಅವರು ಸಾಧಿಸಿದರು. ಅದರ ಸಾಧನೆಯು ಕಥೆಯಲ್ಲಿಯೇ ಹಲಗೆಯ ಮೇಲೆ ಕಾಣಿಸುತ್ತದೆ. ಎಷ್ಟೇ ಜನರ ಮನಸ್ಸುಗಳು ಹೇಗೇ ಬೆರೆತಿರಲಿ, ಈವರೆಗೆ ಯಂತ್ರದಲ್ಲಿ ಕುಳಿತಿರದ ಇಬ್ಬರು ಹೊಸಬರು ನೆರವಾದರೆ ಸಾಕು, ಎಲ್ಲರೂ ಸ್ವಸ್ಥಾನ ಸೇರಬಹುದೆಂಬುದೇ ಆ ಪ್ರಮೇಯ.

ಅತ್ಯಂತ ಸರಳವಾದ ಉದಾಹರಣೆಯನ್ನು ನೋಡೋಣ. ರಾಮ ಮತ್ತು ಸೋಮರ ಮನಸ್ಸುಗಳು ಅದಲುಬದಲಾಗಿವೆ. ಗೋಪಾಲ ಮತ್ತು ಹರಿ ಹೊಸಬರು. ಮೊದಲು ರಾಮನ ದೇಹವನ್ನು ಗೋಪಾಲನೊಡನೆಯೂ, ಬಳಿಕ ಸೋಮನ ದೇಹವನ್ನು ಹರಿಯೊಡನೆಯೂ ಕುಳ್ಳಿರಿಸಿ. ಈಗ ಸೋಮನ ಮನಸ್ಸು ಗೋಪಾಲನ ದೇಹದಲ್ಲಿಯೂ ರಾಮನ ಮನಸ್ಸು ಹರಿಯ ದೇಹದಲ್ಲಿಯೂ ಇರುತ್ತವೆ. ಅನಂತರ ರಾಮನ ದೇಹವನ್ನು ಹರಿಯೊಡನೆ, ಸೋಮನ ದೇಹವನ್ನು ಗೋಪಾಲನೊಡನೆ ಕುಳ್ಳಿರಿಸಿದರೆ ರಾಮ ಸೋಮರಿಬ್ಬರೂ ತಮ್ಮ ತಮ್ಮ ದೇಹಗಳನ್ನು ಸೇರಿದಂತಾಯಿತು. ಉಳಿದದ್ದು ಗೋಪಾಲ ಹರಿಯರ ಅದಲುಬದಲು. ಅವರಿಬ್ಬರೂ ಜೊತೆಯಾಗಿ ಇನ್ನೂ ಯಂತ್ರದಲ್ಲಿ ಕುಳಿತಿಲ್ಲವಷ್ಟೆ? ಐದನೆಯ ವಿನಿಮಯದಿಂದ ಅದೂ ಸರಿಹೋಗುತ್ತದೆ. ಒಬ್ಬನೇ ಹೊಸಬನಿದ್ದರೆ ಕೆಲಸ ಕೈಗೂಡದೆಂಬುದನ್ನು ವಾಚಕರು ಹೆಸರುಗಳನ್ನು ಚೀಟಿಗಳಲ್ಲಿ ಬರೆದು ತಾವೇ ಪರೀಕ್ಷಿಸಬಹುದು. ಶಾಲೆಯಲ್ಲಿ ಕಲಿಯುವ ಕ್ರಮಯೋಜನೆಯ ಪಾಠವೇ ಮುಂದುವರಿದು ಇಲ್ಲಿ ಕಥೆಯ ಜೀವಾಳವಾಗಿದೆ.

ಪ್ರೌಢ ಪ್ರೇಕ್ಷಕನ ಆನಂದದ ಗುಟ್ಟು ಇಲ್ಲಿದೆ. ಮನಸ್ಸುಗಳನ್ನು ಬದಲಿಸುವ ಯಂತ್ರ ಶುದ್ಧ ಕಲ್ಪನೆ. ಬಾಲಕನು ಅದರ ಅದ್ಭುತಕ್ಕೆ ನಗುತ್ತಾನೆ. ಬಲ್ಲವನೂ ನಗುತ್ತಾನೆ, ಜೊತೆಗೆ, ಆ ಒಂದು ಅಸಾಧ್ಯವನ್ನು ಒಪ್ಪಿದ ಮೇಲೆ ಮುಂದಿನದೆಲ್ಲ ನಿಯಮಬದ್ಧವಾಗಿ ನಡೆಯುತ್ತದೆಯೇ ಎಂದು ಗಮನಿಸುತ್ತಾನೆ.

ಭೌತವಿಜ್ಞಾನಕ್ಕೂ ಈ ದಾರಿ ಅಪರಿಚಿತವಲ್ಲ. ಘರ್ಷಣೆಯೇ ಇಲ್ಲದ ಸಮತಲವನ್ನು ಗೆಲಿಲಿಯೊ ಎಲ್ಲಿಯೂ ಕಂಡಿರಲಿಲ್ಲ. ಅದನ್ನು ಊಹಿಸಿಕೊಂಡೇ ಚಲನೆಯ ಮರ್ಮವನ್ನರಿತನು. ಹದಿನಾರರ ಹರೆಯದಲ್ಲಿ ಐನ್‌ಸ್ಟೈನ್, ಬೆಳಕಿನ ಕಿರಣವನ್ನು ಅದರದೇ ವೇಗದಿಂದ ಬೆನ್ನಟ್ಟಿದರೆ ಏನು ಕಾಣಬಹುದೆಂದು ಕೇಳಿಕೊಂಡನು. ‘ಹೀಗಿದ್ದರೆ ಏನಾಗುತ್ತಿತ್ತು?’ ಎಂಬ ಪ್ರಶ್ನೆ ಕಥೆಗಾರನದೂ ಹೌದು, ವಿಜ್ಞಾನಿಯದೂ ಹೌದು. ವಿಜ್ಞಾನಿಯು ತನ್ನ ಉತ್ತರವನ್ನು ಕೊನೆಗೆ ಪ್ರಕೃತಿಯ ಮುಂದಿಟ್ಟು ಪರೀಕ್ಷಿಸಬೇಕು. ಕಥೆಗಾರನಿಗೆ ಆ ಬಂಧನವಿಲ್ಲ.

ಆದುದರಿಂದ ವಿದ್ಯಾರ್ಥಿಗಳು ದೊಡ್ಡವರಾದೆವೆಂದು ಇಂತಹ ಕಥೆಗಳನ್ನು ಬಿಡಬೇಕಾದುದಿಲ್ಲ. ನೋಡುವಾಗ ಕೈಯಲ್ಲೊಂದು ಕಾಗದ ಪೆನ್ಸಿಲು ಇದ್ದರೆ ಸಂತೋಷ ಇಮ್ಮಡಿಯಾದೀತು.