ಮನಸ್ಸಿನ ಬೇನೆಗೆ ಮನೆಬಾಗಿಲಿನ ಶುಶ್ರೂಷೆ

ಕಳೆದ ಮಳೆಗಾಲದ ಒಂದು ಭಾನುವಾರ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿದ್ದೆವು. ಜಗಲಿಯಲ್ಲಿ ಕುಳಿತು ಅಡಿಕೆ ಸುಲಿಯುತ್ತಿದ್ದವನು ನಮ್ಮನ್ನು ಕಂಡು ಎದ್ದು ನಿಂತು, “ಬನ್ನಿ ಮಾಷ್ಟ್ರೇ, ಕೂತ್ಕೊಳ್ಳಿ” ಎಂದ. ಕೇಳಿದವರಿಗೆ ಇದೊಂದು ದೊಡ್ಡ ಸಂಗತಿಯೆಂದು ತೋರದು. ಆದರೆ ಮನೆಗೆ ಬಂದವರನ್ನು ಆತ ಹೀಗೆ ಮಾತನಾಡಿಸುವುದನ್ನು ಕಾಣಲು ಅವನ ತಾಯಿ ನಾಲ್ಕು ವರ್ಷ ಕಾದಿದ್ದರು. ಒಳಗಿನಿಂದ ಬೆಲ್ಲ ನೀರು ತಂದಿಟ್ಟ ಆಕೆಯ ಕಣ್ಣು ತುಂಬಿತ್ತು.

ಶಾಲೆಯಲ್ಲಿ ಈ ಹುಡುಗ ಲೆಕ್ಕದಲ್ಲಿ ಮುಂದು. ಹತ್ತನೆಯ ತರಗತಿಯ ಕೊನೆಯ ದಿನಗಳಲ್ಲಿ ಮಾತ್ರ ಹಿಂದಿನ ಬೆಂಚಿಗೆ ಸರಿದು ಕಿಟಿಕಿಯ ಹೊರಗೆ ನೋಡುತ್ತ ಕೂರುತ್ತಿದ್ದ. ನಾವು ಅದನ್ನು ಸೋಮಾರಿತನವೆಂದು ತಿಳಿದು ಎಲ್ಲರೆದುರು ಗದರಿದ್ದೂ ಉಂಟು. ಮುಂದೆ ಮಂಗಳೂರಿನ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದವನು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಮನೆಗೆ ಮರಳಿದ. ಗೋಡೆಯಾಚೆ ಯಾರೋ ತನ್ನ ವಿಷಯ ಮಾತನಾಡುತ್ತಾರೆ ಎಂದ. ಅನ್ನದಲ್ಲಿ ಏನೋ ಬೆರೆಸಿದ್ದಾರೆ ಎಂದು ತಟ್ಟೆ ದೂಡಿದ. ಸ್ನಾನ ಬಿಟ್ಟ, ನಿದ್ರೆ ಬಿಟ್ಟ. ಕೊನೆಗೆ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಒಳಗೇ ಉಳಿದುಬಿಟ್ಟ.

ಮನೆಯವರು ಸುಮ್ಮನಿರಲಿಲ್ಲ. ಪ್ರಶ್ನೆ ಇಡಿಸಿದರು, ನೂಲು ಕಟ್ಟಿಸಿದರು, ದೈವಕ್ಕೆ ಹರಕೆ ಹೇಳಿಕೊಂಡರು. ಇದನ್ನು ಕೇಳಿ ನಗುವುದು ಸರಿಯಲ್ಲ. ನಮ್ಮ ನೆರೆಯ ಅವಿಭಜಿತ ದಕ್ಷಿಣ ಕನ್ನಡದ ಕೋಟದಲ್ಲಿ ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಇಬ್ಬರು ಮನೋವೈದ್ಯರು ಜನರ ಮನಸ್ಸಿನ ಆರೋಗ್ಯವನ್ನು ಅಧ್ಯಯನ ಮಾಡಿ 1976ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದ್ದಾರೆ. ಮನಸ್ಸಿಗೆ ತೊಂದರೆಯಾದಾಗ ಅಲ್ಲಿಯ ಜನರು ನಾಟಿ ವೈದ್ಯರು, ಮಂತ್ರವಾದಿಗಳು, ಪಾತ್ರಿಗಳು ಮತ್ತು ಹೊಸ ಪದ್ಧತಿಯ ಡಾಕ್ಟರರು, ಇವರೆಲ್ಲರ ಬಳಿಗೂ ಹೋಗುತ್ತಿದ್ದುದನ್ನು ಕಪೂರರು ಕಂಡರು. ಸಂಕಟದಲ್ಲಿದ್ದವನು ಹತ್ತಿರ ಕಂಡ ಬಾಗಿಲನ್ನೆಲ್ಲ ತಟ್ಟುತ್ತಾನೆ. ದೈವದ ಮೇಲಣ ಭಕ್ತಿ ಬಿಡಬೇಕೆಂದು ನಾವು ಹೇಳುವುದಿಲ್ಲ. ಹರಕೆಯ ಜೊತೆಗೆ ಡಾಕ್ಟರರನ್ನು ಕಾಣುವುದು ತಡವಾಗಬಾರದು ಎನ್ನುವುದಷ್ಟೇ ನಮ್ಮ ಮಾತು. ಏಕೆಂದರೆ ಸ್ಕಿಜೋಫ್ರೇನಿಯಾ ಎಂಬ ಈ ಕಾಯಿಲೆ ಹೆಚ್ಚಾಗಿ ಹದಿಹರೆಯದ ಕೊನೆಯಲ್ಲಿ ಇಲ್ಲವೇ ಇಪ್ಪತ್ತರ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತದೆ; ಚಿಕಿತ್ಸೆ ತಡವಾದಷ್ಟೂ ಗುಣವಾಗುವುದು ಕಷ್ಟವಾಗುತ್ತದೆ.

ಒಂದೂವರೆ ವರ್ಷದ ಬಳಿಕ ಹುಡುಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಇನ್ನೊಂದು ತೊಡಕು ಎದುರಾಯಿತು. ಡಾಕ್ಟರರು ಮಲಯಾಳದಲ್ಲಿ ಕೇಳಿದರು. ಅಂಗಡಿಯಲ್ಲಿ ಸಾಮಾನು ಕೊಳ್ಳುವಷ್ಟು ಮಲಯಾಳ ಆತನಿಗೆ ಬರುತ್ತದೆ. ಆದರೆ ಕಿವಿಯಲ್ಲಿ ಕೇಳುವ ಧ್ವನಿಯನ್ನೂ ಎದೆಯೊಳಗಿನ ಹೆದರಿಕೆಯನ್ನೂ ಹೇಳುವಷ್ಟು ಬರುವುದಿಲ್ಲ. ಆತ ನೆಲ ನೋಡುತ್ತ ಕುಳಿತ. ತಾಯಿ ತಿಳಿದಷ್ಟು ಹೇಳಿದರು, ಅದೂ ಅರ್ಧ. ಎಲುಬು ಮುರಿದರೆ ಚಿತ್ರ ತೆಗೆದು ನೋಡಬಹುದು, ರಕ್ತದ ಕಾಯಿಲೆಯನ್ನು ಪರೀಕ್ಷೆ ಹೇಳುತ್ತದೆ. ಮನಸ್ಸಿನ ಕಾಯಿಲೆಯನ್ನು ಡಾಕ್ಟರರು ಮುಖ್ಯವಾಗಿ ರೋಗಿಯ ಮಾತಿನಿಂದಲೇ ತಿಳಿಯಬೇಕು. ಭಾಷಾ ಅಲ್ಪಸಂಖ್ಯಾತರಾದ ನಮಗೆ ಇದು ಬರಿಯ ಅಭಿಮಾನದ ಪ್ರಶ್ನೆಯಾಗಿ ಉಳಿಯದೆ ಆರೋಗ್ಯದ ಪ್ರಶ್ನೆಯೂ ಆಗುವುದು ಇಲ್ಲಿಯೇ.

ಮಾತ್ರೆ ಕೊಟ್ಟರು. ಎರಡು ತಿಂಗಳಲ್ಲಿ ನಿದ್ರೆ ಬಂತು, ಊಟ ಸೇರಿತು. “ಗುಣವಾಯಿತಲ್ಲ, ಇನ್ನು ಯಾಕೆ?” ಎಂದು ಮನೆಯವರು ಮಾತ್ರೆ ನಿಲ್ಲಿಸಿದರು. ಮೂರು ತಿಂಗಳು ಕಳೆಯುವುದರೊಳಗೆ ಹಳೆಯ ಧ್ವನಿಗಳು ಮರಳಿದವು. ಜ್ವರದ ಮಾತ್ರೆಯಂತೆ ಇದನ್ನು ನಾಲ್ಕು ದಿನ ತಿಂದು ಬಿಡುವಂತಿಲ್ಲ, ಸಕ್ಕರೆ ಕಾಯಿಲೆಯ ಔಷಧದಂತೆ ಬಹುಕಾಲ ಮುಂದುವರಿಸಬೇಕಾಗುತ್ತದೆ ಎಂದು ಅವರಿಗೆ ಕುಳಿತು ವಿವರಿಸಿದವರಿರಲಿಲ್ಲ.

ಆ ಕೆಲಸ ಮಾಡಿದವರು ಮಾನಸಿಕ ಆರೋಗ್ಯ ತಂಡದ ಒಬ್ಬ ದಾದಿ. ತಿಂಗಳಿಗೊಮ್ಮೆ ಊರ ಆರೋಗ್ಯ ಕೇಂದ್ರದಲ್ಲಿ ನಡೆಯುವ ಕ್ಲಿನಿಕ್ಕಿಗೆ ಬರುವವರು. ಹುಡುಗ ಮೂರು ಬಾರಿ ಬಾರದೆ ಹೋದುದನ್ನು ಪುಸ್ತಕದಲ್ಲಿ ನೋಡಿ, ತುಳು ಕನ್ನಡ ಎರಡೂ ಬಲ್ಲ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಮನೆಗೇ ಬಂದರು. ಮೊದಲ ದಿನ ಆತ ಬಾಗಿಲು ತೆರೆಯಲಿಲ್ಲ. ಅವರು ಬಾಗಿಲಿನ ಹೊರಗೆ ಚಾಪೆಯಲ್ಲಿ ಕುಳಿತು ತಾಯಿಯೊಡನೆ ಮಾತನಾಡಿ ಹೊರಟುಹೋದರು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಬಾಗಿಲು ತೆರೆಯಿತು.

ಅವರು ಮಾಡಿದ್ದು ಯಾವ ಪವಾಡವೂ ಅಲ್ಲ. ಉಳಿದ ಮಾತ್ರೆ ಎಷ್ಟೆಂದು ಎಣಿಸಿದರು. ಕೈ ನಡುಗುತ್ತದೆಯೇ, ಮೈ ಬಿಗಿಯುತ್ತದೆಯೇ, ತೂಕ ಏರಿದೆಯೇ ಎಂದು ನೋಡಿದರು. ಈ ಔಷಧಗಳಿಂದ ಇಂಥ ತೊಂದರೆಗಳಾಗುವುದುಂಟು, ಅದನ್ನು ತಾಳಲಾರದೆಯೇ ಎಷ್ಟೋ ಜನ ಔಷಧ ಬಿಡುತ್ತಾರೆ. ಡಾಕ್ಟರರಿಗೆ ತಿಳಿಸಿ ಔಷಧದ ಪ್ರಮಾಣವನ್ನು ಸರಿಪಡಿಸಿದರು. ತಾಯಿ ಮಾತ್ರೆಯನ್ನು ಅನ್ನದಲ್ಲಿ ಗುಟ್ಟಾಗಿ ಕಲಸುತ್ತಿದ್ದುದನ್ನು ತಿಳಿದು, “ಹಾಗೆ ಮಾಡಬೇಡಿ ಅಮ್ಮಾ, ಅನ್ನದಲ್ಲಿ ಏನೋ ಬೆರೆಸಿದ್ದಾರೆ ಎಂದು ಅವನು ಮೊದಲೇ ಹೆದರಿದ್ದಾನೆ. ಅದು ನಿಜವೆಂದು ಗೊತ್ತಾದರೆ ನಿಮ್ಮನ್ನೂ ನಂಬುವುದಿಲ್ಲ” ಎಂದರು. ಧ್ವನಿ ಕೇಳುತ್ತದೆ ಎಂದಾಗ ಸುಳ್ಳೆಂದು ವಾದಿಸಬೇಡಿ, ಹೌದೆಂದು ಒಪ್ಪಿಕೊಳ್ಳಲೂ ಬೇಡಿ, ಹೆದರಿಕೆಯಾಗುತ್ತದೆಯೇ ಎಂದು ಕೇಳಿ ಎಂದು ಹೇಳಿಕೊಟ್ಟರು. ದಿನಕ್ಕೆ ಅರ್ಧ ಗಂಟೆ ಅಡಿಕೆ ಸುಲಿಯುವ ಕೆಲಸವನ್ನು ಆತನಿಗೆ ಒಪ್ಪಿಸಿದವರೂ ಅವರೇ. ಅರ್ಧ ಗಂಟೆ ಈಗ ಮೂರು ಗಂಟೆಯಾಗಿದೆ.

ಮನೋರೋಗಿಗಳ ದಾದಿ ಆಸ್ಪತ್ರೆಯ ಗೇಟಿನಿಂದ ಹೊರಗೆ ಬಂದುದು ಬಹಳ ಹಿಂದಿನ ಮಾತೇನಲ್ಲ. ಮನಸ್ಸಿನ ಕಾಯಿಲೆಗೆ ಕ್ಲೋರ್‌ಪ್ರೋಮಜಿನ್ ಎಂಬ ಔಷಧವನ್ನು ಪ್ಯಾರಿಸಿನಲ್ಲಿ ಕೊಡಲಾರಂಭಿಸಿದ್ದು 1952ರಲ್ಲಿ. ಅದರಿಂದ ವರ್ಷಗಟ್ಟಲೆ ಗೋಡೆಯೊಳಗಿದ್ದವರು ಮನೆಗೆ ಮರಳುವ ದಾರಿ ತೆರೆಯಿತು. ಮರಳಿದವರನ್ನು ನೋಡಿಕೊಳ್ಳುವವರು ಬೇಕಲ್ಲವೇ? 1954ರಲ್ಲಿ ಇಂಗ್ಲೆಂಡಿನ ವಾರ್ಲಿಂಗ್‌ಹ್ಯಾಂ ಪಾರ್ಕ್ ಆಸ್ಪತ್ರೆ ಇಬ್ಬರು ದಾದಿಯರನ್ನು ಈ ಕೆಲಸಕ್ಕಾಗಿ ಊರೊಳಗೆ ಕಳುಹಿಸಿತು. ನಮ್ಮ ದೇಶದಲ್ಲಿ 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ, ಅದೇ ದಶಕದಲ್ಲಿ ಸಕಲವಾರದ ಸುತ್ತಣ ಹಳ್ಳಿಗಳಲ್ಲಿ ಕೆಲಸ ಆರಂಭಿಸಿತು. ದಾದಿಯೊಬ್ಬರು ಮನೆಗೇ ಹೋಗಿ ಶುಶ್ರೂಷೆ ಮಾಡಿದ ಸ್ಕಿಜೋಫ್ರೇನಿಯಾ ರೋಗಿಗಳನ್ನೂ ಆಸ್ಪತ್ರೆಯಲ್ಲಿಟ್ಟು ಚಿಕಿತ್ಸೆ ಮಾಡಿದವರನ್ನೂ ಹೋಲಿಸಿ ಪೈ ಮತ್ತು ಕಪೂರ್ 1980ರ ದಶಕದ ಆರಂಭದಲ್ಲಿ ವರದಿ ಪ್ರಕಟಿಸಿದರು. ಮನೆಯ ಶುಶ್ರೂಷೆ ಪಡೆದವರ ಸ್ಥಿತಿಯೇ ಹೆಚ್ಚು ಸುಧಾರಿಸಿತ್ತು, ಮನೆಯವರ ಹೊರೆಯೂ ಇಳಿದಿತ್ತು, ಖರ್ಚೂ ಕಡಿಮೆಯಾಗಿತ್ತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವನ್ನು ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ನಮ್ಮ ಊರ ಕ್ಲಿನಿಕ್ಕು ಈ ಮರದ ಒಂದು ಗೆಲ್ಲು.

ಆದರೂ ಸಾಗಬೇಕಾದ ದಾರಿ ಉದ್ದವಿದೆ. ಕೇರಳವೂ ಸೇರಿ 12 ರಾಜ್ಯಗಳಲ್ಲಿ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಅಂಥವರಲ್ಲಿ ಹೆಚ್ಚಿನವರು ಯಾವ ಚಿಕಿತ್ಸೆಯನ್ನೂ ಪಡೆಯುತ್ತಿರಲಿಲ್ಲ. ದೂರದ ಆಸ್ಪತ್ರೆಯನ್ನೇ ನಂಬಿದರೆ ಏನಾಗುತ್ತದೆಂಬುದನ್ನು ಗಡಿನಾಡಿನ ನಾವು 2020ರ ಮಾರ್ಚಿನಲ್ಲಿ ಕಂಡಿದ್ದೇವೆ. ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರಿನ ಡಾಕ್ಟರರನ್ನು ನೆಚ್ಚಿದ್ದವರೆಲ್ಲ ದಿಕ್ಕು ತೋಚದೆ ನಿಂತರು. ಔಷಧವೂ ಅದನ್ನು ವಿಚಾರಿಸುವ ಜನರೂ ಊರಿನಲ್ಲಿಯೇ ಇರಬೇಕು.

ಕಾನೂನು ನಮ್ಮ ಪರವಾಗಿದೆ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ರೋಗಿಯನ್ನು ಸರಪಣಿಯಿಂದ ಕಟ್ಟುವುದನ್ನು ನಿಷೇಧಿಸಿದೆ. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಎರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಣಿಯಲ್ಲಿದ್ದ ಕಾರಣ ಓಡಲಾರದೆ 28 ಮಂದಿ ಸತ್ತದ್ದನ್ನು ನಾವು ಮರೆಯಬಾರದು. ಬಡತನದ ರೇಖೆಗಿಂತ ಕೆಳಗಿರುವವರಿಗೆ ಸರಕಾರಿ ಸೇವೆಯಲ್ಲಿ ಉಚಿತ ಚಿಕಿತ್ಸೆಯ ಹಕ್ಕನ್ನು ಈ ಕಾಯಿದೆ ಕೊಟ್ಟಿದೆ. ನಮಗೆ ಮುಖ್ಯವಾದ ಇನ್ನೊಂದು ಮಾತೂ ಅದರಲ್ಲಿದೆ: ಚಿಕಿತ್ಸೆಯ ವಿವರವನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು. ಆದ್ದರಿಂದ “ನಮಗೆ ಕನ್ನಡದಲ್ಲಿ ಹೇಳಿ” ಎಂದು ಕೇಳುವಾಗ ಸಂಕೋಚ ಬೇಡ. ಕನ್ನಡ ಬಲ್ಲ ದಾದಿಯರನ್ನು ನಮ್ಮ ಭಾಗಕ್ಕೆ ನೇಮಿಸಬೇಕೆಂದು ಪಂಚಾಯತು ಸದಸ್ಯರಿಂದ ಹಿಡಿದು ಮೇಲಿನವರವರೆಗೆ ಒತ್ತಾಯಿಸುವುದೂ ನಮ್ಮ ಸಂಘಟನೆಗಳ ಕೆಲಸವಾಗಬೇಕು. ಕನ್ನಡ ಶಾಲೆಗಳಲ್ಲಿ ಕಲಿತ ಹೆಣ್ಣುಮಕ್ಕಳೂ ಗಂಡುಮಕ್ಕಳೂ ನರ್ಸಿಂಗ್ ಓದಿ ಈ ಕೆಲಸಕ್ಕೆ ಬಂದರೆ ಇನ್ನೂ ಒಳಿತು.

ಮನೆಯವರು ಗಮನಿಸಬೇಕಾದುದು ಇಷ್ಟು: ಎರಡು ವಾರ ಕಳೆದರೂ ಹೋಗದ ಬೇಸರ, ಕಾರಣವಿಲ್ಲದೆ ಕೆಟ್ಟ ನಿದ್ರೆ, ಜನರಿಂದ ದೂರ ಸರಿಯುವುದು, ಇಲ್ಲದ ಧ್ವನಿ ಕೇಳುವುದು, ಸಾಯುವ ಮಾತು. ಇವನ್ನು ಕಂಡಾಗ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಇಲ್ಲವೇ ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿರಿ. ಸಾಯುವ ಮಾತು ಬಂದರೆ ನಾಳೆಗೆ ಇಡಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಫೋನು ಮಾಡಬಹುದು. ಕನ್ನಡದಲ್ಲಿ ಮಾತನಾಡುವ ವ್ಯವಸ್ಥೆಯೂ ಇದೆ.

ಹೊರಡುವಾಗ ಹುಡುಗ ಗೇಟಿನ ತನಕ ಬಂದ. ಅಂದು ತರಗತಿಯಲ್ಲಿ ಗದರಿದ್ದು ನಮ್ಮಿಂದಾದ ತಪ್ಪು ಎಂದು ಹೇಳಿದೆವು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಂಗೂ ಆಗ ಗೊತ್ತಿರ್ಲಿಲ್ಲ ಮಾಷ್ಟ್ರೇ” ಎಂದ. ಗೊತ್ತಿಲ್ಲದ ಕಾಲ ಕಳೆಯಿತು. ಈಗ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತ ಮಗುವನ್ನು ಕಂಡರೆ ನಾವು ಗದರುವುದಿಲ್ಲ. ತರಗತಿ ಮುಗಿದ ಮೇಲೆ ಹತ್ತಿರ ಕರೆದು, ರಾತ್ರಿ ನಿದ್ರೆ ಬಂತೇ ಎಂದು ಕೇಳುತ್ತೇವೆ.