ಹವ್ಯಾಸಿ ಗಣಕಜಾಲಗಳೂ ಅವುಗಳ ದ್ವಾರಪಾಲಕರೂ

ಸಮಾನಾಸಕ್ತರು ಸ್ವೇಚ್ಛೆಯಿಂದ ಕಟ್ಟಿಕೊಂಡ ಕೂಟದಲ್ಲಿ ಅಧಿಕಾರಕ್ಕೆ ಎಡೆಯಿಲ್ಲವೆಂದು ಭಾವಿಸುವುದು ವಾಡಿಕೆ. ಅಂತರಜಾಲವು ಮನೆಮನೆಗೆ ಬರುವ ಮುನ್ನ ಹವ್ಯಾಸಿಗಳು ನಡೆಸಿದ ಗಣಕ ಸಂದೇಶಫಲಕಗಳ ಚರಿತ್ರೆ ಈ ಭಾವನೆಯನ್ನು ಸಮರ್ಥಿಸುವುದಿಲ್ಲ.

ಸಂದೇಶಫಲಕವೆಂದರೆ ಹವ್ಯಾಸಿಯೊಬ್ಬನ ಗಣಕ, ಒಂದು ಮೋಡೆಮ್, ಒಂದು ದೂರವಾಣಿ. ಕರೆಮಾಡಿದವರು ತಮ್ಮ ಸಂದೇಶವನ್ನು ಬರೆದಿಟ್ಟು, ಇತರರದನ್ನು ಓದುತ್ತಿದ್ದರು. 1984ರಲ್ಲಿ ಅಮೆರಿಕದ ಟಾಮ್ ಜೆನ್ನಿಂಗ್ಸ್ ಆರಂಭಿಸಿದ ಫಿಡೋನೆಟ್ ಇಂತಹ ಫಲಕಗಳನ್ನು ಹೆಣೆಯಿತು. ಗಣಕಗಳೇ ರಾತ್ರಿಯ ನಿಯತ ವೇಳೆಯಲ್ಲಿ ಪರಸ್ಪರ ಕರೆದು ಅಂಚೆಯನ್ನು ವಿನಿಮಯ ಮಾಡಿಕೊಳ್ಳುತ್ತಿದ್ದವು. 1993ರ ವೇಳೆಗೆ ಕೇಂದ್ರಗಳ ಸಂಖ್ಯೆ 20,000ವನ್ನು ಮೀರಿತು.

ಈ ವ್ಯವಸ್ಥೆಯ ಜೀವಾಳ ವಾರವಾರವೂ ಹೊರಡುತ್ತಿದ್ದ ಕೇಂದ್ರಸೂಚಿ. ಅದರಲ್ಲಿ ಒಂದು ಅಂಕೆ ತಪ್ಪಿದರೂ ನಡುರಾತ್ರಿ ಸಂಬಂಧವಿಲ್ಲದವರ ಮನೆಯ ದೂರವಾಣಿ ಮೊಳಗುತ್ತಿತ್ತು. ಆದ್ದರಿಂದ ಮೇಲ್ವಿಚಾರಣೆ ಅನಿವಾರ್ಯವಾಯಿತು. ಆದರೆ ಸೂಚಿಯಿಂದ ಹೆಸರು ಅಳಿದುಹೋದವನು ಜಾಲದಿಂದಲೇ ಹೊರಗಾಗುತ್ತಿದ್ದನು. 1989ರ ನಿಯಮಾವಳಿಯಂತೆ ಜಾಲದ ಸಂಯೋಜಕನನ್ನು ಅವನ ಮೇಲಿನ ಪ್ರಾದೇಶಿಕ ಸಂಯೋಜಕನೇ ನೇಮಿಸುತ್ತಿದ್ದನು. ನಿಯಮಗಳ ತಿದ್ದುಪಡಿಗೆ ಮತ ನೀಡುವ ಹಕ್ಕು ಸಂಯೋಜಕರದು ಮಾತ್ರ. ಸಾಮಾನ್ಯ ಕೇಂದ್ರಚಾಲಕನಿಗೆ ಮೇಲ್ಮನವಿಯುಂಟು, ಮತವಿಲ್ಲ.

ಭಾರತದಲ್ಲಿ ಇದಕ್ಕೂ ಹೊರಗೆ ಮತ್ತೊಂದು ಬಾಗಿಲಿತ್ತು. 1885ರ ತಂತಿ ಕಾಯಿದೆ ಸಂಪರ್ಕಸಾಧನಗಳ ಏಕಸ್ವಾಮ್ಯವನ್ನು ಸರ್ಕಾರಕ್ಕೆ ಕೊಟ್ಟಿತ್ತು. 1986ರಲ್ಲಿ ಆರಂಭವಾದ ಅರ್ನೆಟ್ ಮದರಾಸಿನ ಐಐಟಿಯನ್ನೂ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವನ್ನೂ ಒಳಗೊಂಡಿದ್ದರೂ ಅದು ವಿದ್ವತ್ಸಂಸ್ಥೆಗಳ ಸೊತ್ತು. ಅವುಗಳ ಹೊರಗಿದ್ದವರಿಗೆ ಅತುಲ್ ಚಿಟ್ನಿಸ್ ಅವರು 1989ರಲ್ಲಿ ಬೆಂಗಳೂರಿನಲ್ಲಿ ತೆರೆದ ಸಿಐಎಕ್ಸ್‌ನಂತಹ ಫಲಕಗಳೇ ಗತಿ. ಮದರಾಸಿನಿಂದ ಅದನ್ನು ತಲುಪಬೇಕಾದವನು ಎಸ್‌ಟಿಡಿ ದರವನ್ನು ತೆರಬೇಕಾಗಿತ್ತು. ಹಣವೂ ಒಬ್ಬ ದ್ವಾರಪಾಲಕನೇ ಆಗಿತ್ತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಮದರಾಸು ಸೇರಿದಂತೆ ಮಹಾನಗರಗಳಲ್ಲಿ ಸಾರ್ವಜನಿಕರಿಗೆ ಅಂತರಜಾಲವನ್ನು ಒದಗಿಸಿದ ಮೇಲೆ ಫಲಕಗಳ ಕಾಲ ಕ್ರಮೇಣ ಮುಗಿಯಿತು.

ವೇತನವಿಲ್ಲದೆ ದುಡಿದ ಆ ಸಂಯೋಜಕರನ್ನು ನಿರಂಕುಶರೆಂದು ಹಳಿಯುವುದು ನ್ಯಾಯವಲ್ಲ. ಆದರೆ ಸೇವೆಯಿಂದ ಹುಟ್ಟಿದ ಅಧಿಕಾರವೂ ಅಧಿಕಾರವೇ. ಹೆಸರುಗಳ ಪಟ್ಟಿಯೊಂದನ್ನು ಕಾಯುವ ಯಾವ ಕೂಟವಾದರೂ, ಹೆಸರನ್ನು ಅಳಿಸುವವನು ಯಾರು, ಅಳಿಸಿಕೊಂಡವನ ಮಾತನ್ನು ಕೇಳುವವನು ಯಾರು ಎಂಬೆರಡು ಪ್ರಶ್ನೆಗಳಿಗೆ ಮೊದಲೇ ಉತ್ತರವನ್ನು ಬರೆದಿಡಬೇಕು. ಆ ಇಬ್ಬರೂ ಒಬ್ಬನೇ ಆಗಿರಬಾರದು.